ಇನ್ನೊಂದು ಸಲ ಹೇಳಿ

ಅಂಗನವಾಡಿ ಬಾಗಿಲಿಗೆ ಅಶ್ವಥ್ ಒಂದು ಹಾಳೆ ಅಂಟಿಸಿದ. ಅಷ್ಟೇ ಅವನು ಮಾಡಿದ ತಪ್ಪು.

ಅವನ ಗೈಡ್ ಭಾನುಪ್ರಿಯ ಮೇಡಂ ಎಂಟು ವರ್ಷದ ಹಿಂದೆ ಚನ್ನಪಟ್ಟಣದ ಇದೇ ಬೊಂಬೆ ಮಾಡುವವರ ಬೀದಿಯಲ್ಲಿ ಒಂದು ಸಂಶೋಧನೆ ಮಾಡಿದ್ದರು. ಒಂದೂವರೆ ವರ್ಷದ ಇಪ್ಪತ್ತು ಮಕ್ಕಳ ಮುಂದೆ ಐದು ಮರದ ಉಂಗುರ ಇಟ್ಟರೆ, ಹತ್ತೊಂಬತ್ತು ಮಕ್ಕಳು ದೊಡ್ಡದರಿಂದ ಚಿಕ್ಕದಕ್ಕೆ ಸರಿಯಾಗಿ ಕಡ್ಡಿಗೆ ಪೋಣಿಸುತ್ತವೆ ಎಂದು ಲೋಕಕ್ಕೆ ಸಾರಿ ಪ್ರೊಫೆಸರ್ ಆಗಿದ್ದರು. ಅದನ್ನೇ ಹೊಸ ಮಕ್ಕಳ ಮೇಲೆ ಮತ್ತೆ ಮಾಡಿ, ಬಂದದ್ದನ್ನು ಬಚ್ಚಿಡದೆ ಎಲ್ಲರಿಗೂ ತೋರಿಸುವುದೇ ಅಶ್ವಥನ ಪಿಎಚ್‌ಡಿ. ಆರನೆಯ ವರ್ಷ ನಡೆಯುತ್ತಿತ್ತು. ಈ ವಾರ ಮೇಡಂ ಸಹಿ ಬೀಳದಿದ್ದರೆ ಅವನ ಹೆಸರೇ ರದ್ದು.

"ಏನು ಬಂದ್ರೂ ಬರೀರಿ ಅಶ್ವಥ್, ಪ್ರಾಮಾಣಿಕತೆ ಮುಖ್ಯ. ಆದ್ರೆ ಹತ್ತೊಂಬತ್ತೇ ಬರುತ್ತೆ, ನೋಡ್ತಾ ಇರಿ" ಎಂದಿದ್ದರು ಮೇಡಂ.

ಬೆಳಿಗ್ಗೆ ಇಪ್ಪತ್ತಕ್ಕೆ ಬಂದದ್ದು ಮೂರು. ಒಂದು ಮಗು ಉಂಗುರ ಚೀಪಿತು. ಇನ್ನೊಂದು ಅಶ್ವಥನ ಗಡ್ಡ ನೋಡಿ ಕಿಟಾರನೆ ಕಿರುಚಿತು. ಬೀದಿಗೇ ಹಿರಿಯರಾದ ಬೋರಮ್ಮಜ್ಜಿಯ ಮೊಮ್ಮಗನಂತೂ ಕಡ್ಡಿ ಕಿತ್ತುಕೊಂಡು ಕ್ಯಾಮೆರಾಕ್ಕೆ ಎರಡು ಬಾರಿಸಿದ.

ಮುಚ್ಚುಮರೆ ಬೇಡವೆಂದು ಅಶ್ವಥ್ ಫಲಿತಾಂಶ ಬರೆದು ಬಾಗಿಲಿಗೆ ಅಂಟಿಸಿದ. ನಿಯಮದಂತೆ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾರ ಮಗು ಎಂದು ಕಂಡುಹಿಡಿಯಲು ಬೀದಿಗೆ ಎರಡು ನಿಮಿಷ ಸಾಕಾಯಿತು.

ಅವನು ಮೇಡಂಗೆ ಫೋನ್ ಮಾಡಿದ. ಮೂರು ಎಂದು ತಿಳಿಸಿದ.

"ಒಂದ್ಸಲ ಬಂದದ್ದನ್ನ ಯಾರು ನಂಬ್ತಾರೆ? ಮಧ್ಯಾಹ್ನ ಅದೇ ಮಕ್ಕಳನ್ನ ಮತ್ತೆ ಕೂರಿಸಿ. ಆಗಲೂ ಮೂರೇ ಬಂದ್ರೆ ಸಂಜೆಗೇ ಸಹಿ ಹಾಕ್ತೀನಿ" ಎಂದರು ಮೇಡಂ.

ಅಶ್ವಥನಿಗೆ ಸ್ವರ್ಗಕ್ಕೆ ಮೂರೇ ಗೇಣು. ಈ ಮಕ್ಕಳು ಊಟ ಮಾಡಿ ಬಂದರೆ ಇನ್ನೂ ಕಡಿಮೆಯಾದೀತೇ ಹೊರತು ಹೆಚ್ಚಾಗದು ಎಂದುಕೊಂಡು ಹೋಟೆಲಿಗೆ ಹೊರಟ.

ಇತ್ತ ಬಾಗಿಲ ಮುಂದೆ ಬೋರಮ್ಮಜ್ಜಿ ಕೂಗಾಡುತ್ತಿದ್ದರು. "ನನ್ ಮೊಮ್ಮಗ ಫೇಲಾ? ಮೂರ್ ತಲೆಯಿಂದ ಬೊಂಬೆ ಮಾಡೋ ಮನೆ. ಇವ್ನಿಗೆ ಐದ್ ಉಂಗ್ರ ಜೋಡ್ಸಕ್ ಬರಾಕಿಲ್ವಾ?"

"ಹೊರಗಿನೋರು ಇದನ್ನ ಓದುದ್ರೆ ನಮ್ ಮಾಲು ಯಾರು ತಗೋತಾರೆ ಅಜ್ಜಿ?" ಎಂದಳು ಎದುರು ಮನೆಯ ಅಮೀರುನ್ನೀಸಾ. "ನಮ್ಮನೇಲಿ ಒಂದ್ ಚೀಲ ಉಂಗ್ರ ಬಿದ್ದೈತೆ. ಮಕ್ಳನ್ನ ಎತ್ಕೊಂಡ್ ಬನ್ನಿ ಎಲ್ಲಾ."

ಮೂರು ಗಂಟೆಗೆ ಅಶ್ವಥ್ ಕ್ಯಾಮೆರಾ ಹಚ್ಚಿದ. ಮೊದಲ ಮಗು ಟಕಟಕನೆ ಐದೂ ಉಂಗುರ ಪೋಣಿಸಿತು. ಎರಡನೆಯದೂ ಅಷ್ಟೇ. ಬೋರಮ್ಮಜ್ಜಿಯ ಮೊಮ್ಮಗ ಮುಗಿಸಿದವನೇ ಬೆಲ್ಲಕ್ಕಾಗಿ ಅಜ್ಜಿಯತ್ತ ಕೈ ಚಾಚಿದ. ಇಪ್ಪತ್ತಕ್ಕೆ ಇಪ್ಪತ್ತು.

ಕ್ಯಾಮೆರಾ ಆರಿಸಿ ಅಶ್ವಥ್ ಅಲ್ಲೇ ಕೂತ. "ಏನಜ್ಜಿ ಮಾಡಿದ್ರಿ?"

"ಒಸಿ ಹೇಳ್ಕೊಟ್ವಿ ಕಣಪ್ಪ, ಅಷ್ಟೇಯ" ಎಂದರು ಅಜ್ಜಿ ಅವನ ಕಿವಿಯ ಹತ್ತಿರ ಬಂದು. "ಆ ಮೇಡಮ್ಮು ಬಂದಾಗ್ಲೂ ಹಿಂಗೇ ಆಗಿತ್ತು. ಬೆಳಗ್ಗೆ ಒಂದ್ ಮಗೂನೂ ಮಾಡ್ನಿಲ್ಲ. 'ಒಸಿ ಹೇಳ್ಕೊಡಿ' ಅಂದೋರೇ ಅವ್ರು. ಬೆಳಗ್ಗೆ ಬರ್ದಿದ್ ಹಾಳೆ ಹರ್ದಾಕ್ಬುಟ್ರು."

ಅಶ್ವಥ್ ಎದ್ದು ನಿಂತ. ಆರು ವರ್ಷದಲ್ಲಿ ಅವನಿಗೆ ಇಷ್ಟು ಖುಷಿ ಆಗಿರಲಿಲ್ಲ. ಈ ಮಾತೊಂದು ಕ್ಯಾಮೆರಾದಲ್ಲಿದ್ದರೆ ಮೇಡಂ ಸಹಿ ಹಾಕಲೇಬೇಕು! ಮತ್ತೆ ಕ್ಯಾಮೆರಾ ಹಚ್ಚಿದ.

"ಅಜ್ಜಿ, ಈಗ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ."

ಬೀದಿಯೆಲ್ಲ ಸುತ್ತ ನೆರೆದಿತ್ತು. ಬೋರಮ್ಮಜ್ಜಿ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡಿದರು, ಬಾಗಿಲ ಮೇಲಿನ ಹಾಳೆ ನೋಡಿದರು, ಬೆಲ್ಲ ಚೀಪುತ್ತಿದ್ದ ಮೊಮ್ಮಗನನ್ನು ನೋಡಿದರು.

"ಇದು ಎಲ್ರಿಗೂ ಕಾಣ್ತೈತಾ?"

"ಲೋಕಕ್ಕೆಲ್ಲಾ ಅಜ್ಜಿ. ಮುಚ್ಚುಮರೆ ಇಲ್ಲವೇ ಇಲ್ಲ."

"ಹಂಗಾದ್ರೆ ಬರ್ಕೋ" ಎಂದರು ಅಜ್ಜಿ ಗಟ್ಟಿಯಾಗಿ. "ನಮ್ ಬೀದಿ ಮಕ್ಳಿಗೆ ಯಾರೂ ಏನೂ ಹೇಳ್ಕೊಟ್ಟಿಲ್ಲ. ಆಗ್ಲೂ ತಾವೇ ಮಾಡ್ದೋ, ಈಗ್ಲೂ ತಾವೇ ಮಾಡ್ದೋ."