ಥಂಡ್ಯಾಗ ಕಾವಿಗೆ ಕುಂತ ಕೋಳಿ

ಬಿಸಿಲಾಗ ಹ್ಯಾಂಗ ಬದುಕಬೇಕು ಅಂತ ನಮ್ಮ ರಾಯಚೂರು ಸೀಮಿ ಮಂದಿಗೆ ಯಾರೂ ಕಲಿಸಬೇಕಾಗಿಲ್ಲ. ಆದ್ರ ಥಂಡಿ ಬಿತ್ತು ಅಂದ್ರ ಮುಗೀತು, ಯಾರಿಗೂ ಏನು ಮಾಡಬೇಕಂತ ತಿಳಿಯಂಗಿಲ್ಲ. ಇಡೀ ವರ್ಷ ಬೆವರು ಒರಸಿಕೊಂಡ ಮಂದಿ ಮಾಗಿ ಬಂದ ಕೂಡ್ಲೆ ಏನೇನೋ ಮಾಡಾಕ ಹೋಗ್ತಾರ, ಮತ್ತ ಅದೆಲ್ಲಾ ಬಂದು ನನ್ನ ಮುಂದನ ನಿಂದರತದ. ಎಪ್ಪತ್ತರ ದಶಕದಾಗ ದೇವದುರ್ಗ, ಎಂಬತ್ತರ ದಶಕದಾಗ ಮಾನ್ವಿ, ಎರಡೂ ಕಡಿ ನಾನು ದನದ ದವಾಖಾನಿಯಾಗ ಕಂಪೌಂಡರ್ ಇದ್ದೆ. ಮಂದಿ ಡಾಕ್ಟ್ರು ಅಂತಿದ್ರು. ನಾನೂ ಸುಮ್ನ ಇರತಿದ್ದೆ.

೧. ಜಡ್ಡು ಯಾರದು

ದೇವದುರ್ಗದಾಗ ಇದ್ದಾಗ ಮಸರಕಲ್ಲಿನ ರೈತ ಒಬ್ಬ ಬಂದು, ಕೋಳಿಗೋಳು ಥಂಡಿಗೆ ಮುದುಡಿ ಕುಂದರ್ತಾವ, ಏನು ಮಾಡ್ಲಿ ಅಂತ ಕೇಳಿದ. ಗೂಡಿನ ಬಾಗಿಲಿಗೆ ಏನರ ದಪ್ಪಂದು ಅಡ್ಡ ಕಟ್ಟು, ಗಾಳಿ ನೆಟ್ಟಗ ಹೊಡೀಬಾರದು ಅಂತ ಹೇಳಿ ಕಳಿಸಿದೆ. ಅವನ ಮನ್ಯಾಗ ದಪ್ಪಂದು ಅಂತ ಇದ್ದದ್ದು ಒಂದ ಕೌದಿ. ಅದನ್ನ ಕೋಳಿಗೂಡಿಗೆ ಕಟ್ಟಾಕ ಹೆಣ್ತಿ ಬಿಡಲಿಲ್ಲ. ಅದಕ್ಕ ಈ ಪುಣ್ಯಾತ್ಮ ಕೌದಿ ತಾನ ಹೊದ್ದುಕೊಂಡು ಗೂಡಿನ ಬಾಗಿಲಿಗೆ ಅಡ್ಡ ಮಲಗಾಕ ಶುರು ಮಾಡಿದ. ವಾರ ಆಗೂದ್ರಾಗ ಮೂಗು ಸೋರಿಸಿಕೋತ ತಿರುಗಿ ಬಂದ.

“ಕೋಳಿ ಹ್ಯಾಂಗ ಅದಾವ?” ಅಂದೆ.

“ಕೋಳಿ ಗಟ್ಟಿಮುಟ್ಟಿ ಅದಾವ್ರಿ. ನನಗ ಔಷಧ ಕೊಡ್ರಿ.”

“ಇದು ದನದ ದವಾಖಾನಿ ಮಾರಾಯ. ಮಂದಿ ದವಾಖಾನಿ ಆ ಕಡಿ ಅದ.”

“ಗೊತ್ತದರಿ. ಆದ್ರ ಜಡ್ಡು ನಂದಲ್ಲ, ಕೋಳಿದು. ನಾ ಬರೇ ನಡುವ ಬಂದೀನಿ.”

೨. ಇಬ್ಬರು ಬಾಣಂತ್ಯಾರು

ಅದೇನೂ ಅಲ್ಲ ಬಿಡ್ರಿ. ಮಾನ್ವಿಯಾಗ ಒಂದು ಮಾಗಿಪೂರ್ತಿ ಒಂದ ಕೋಳಿ ಸಂಬಂಧ ನಡೆದದ್ದದಲ್ಲ, ಅದನ್ನ ಹೇಳ್ತೀನಿ.

ನಾ ಬಾಡಿಗಿಗೆ ಇದ್ದದ್ದು ರೈಸ್ ಮಿಲ್ ಸಾವ್ಕಾರ್ರ ಹಿತ್ತಲದ ಖೋಲ್ಯಾಗ. ಗ್ವಾಡಿ ಆಚಿಗೆ ಕುರಿ ಕಾಯೋ ಮನಿತನದ ಯವ್ವ ಒಬ್ಬಾಕಿ ಇದ್ಲು. ಗಂಡ, ಗಂಡಮಕ್ಕಳು ಎಲ್ಲಾ ಕುರಿ ಹಿಂದ ಅಡವಿ ಪಾಲು. ಆ ವರ್ಷ ಚೀಕಲಪರ್ವಿಗೆ ಕೊಟ್ಟ ಮಗಳು ಎರಡನೇ ಬಾಣಂತನಕ್ಕ ಬಂದಿದ್ಲು. ಅವರ ಮನಿತನದಾಗ ಒಂದು ಪದ್ಧತಿ. ಬಾಣಂತನ ಮುಗಿಸಿ ಗಂಡನ ಮನಿಗೆ ಹೋಗೋ ಮಗಳ ಜೋಡಿ ಮರಿ ಸಮೇತ ಒಂದು ಕೋಳಿ ಕಳಿಸಬೇಕು. ಚೊಚ್ಚಲ ಬಾಣಂತನದಾಗ ಮರಿಗಳೆಲ್ಲಾ ಥಂಡಿಗೆ ಸತ್ತು, ಆ ಹುಡುಗಿ ಬರಿಗೈಲೆ ಹೋಗಿದ್ಲು. ಅತ್ತಿ ಊರತುಂಬ ಹೇಳಿಕೋತ ಅಡ್ಡಾಡಿದ್ಲು. ಈ ಸಲನೂ ಕೋಳಿ ಕಾವಿಗೆ ಕುಂತದ್ದು ನಟ್ಟನಡು ಮಾಗಿಯಾಗ.

“ಯಪ್ಪಾ, ಈ ಸಲನೂ ಮರಿ ಆಗಲಿಲ್ಲಂದ್ರ ನನ್ನ ಮಗಳು ಆ ಮನ್ಯಾಗ ತಲಿ ಎತ್ತಂಗಿಲ್ಲ. ಥಂಡಿಗೆ ಏನರ ಸೂಜಿ ಇದ್ರ ಹಾಕು” ಅಂದ್ಲು ಯವ್ವ.

ಸೂಜಿ ಗೀಜಿ ಏನಿಲ್ಲ ಅಂದೆ. ಕೋಳಿ ಕುಂತ ಪುಟ್ಟಿ ತಳಕ್ಕ ನೆಲ್ಲಿನ ಹೊಟ್ಟು ದಪ್ಪಗ ಹಾಕು, ತೊಯ್ದರ ಬದಲ ಮಾಡು, ಮೂರು ಕಡಿ ಗೋಣಿಚೀಲ ಕಟ್ಟು, ಮ್ಯಾಲೆ ಗಾಳಿಗೆ ಸ್ವಲ್ಪ ಬಿಡು, ಸಂಜಿಮುಂದ ಜ್ವಾಳ ಹಾಕು, ಉಗುರುಬೆಚ್ಚನ ನೀರು ಇಡು ಅಂತ ಹೇಳಿದೆ. ಯವ್ವ ಎಲ್ಲಾ ಕೇಳಿಸಿಕೊಂಡು, ಎಲ್ಲಾ ಮಾಡಿದ್ಲು. ಮಾಡಿದ ಮ್ಯಾಲೆ ಆಕಿಗೆ ಇದು ಭಾಳ ಕಮ್ಮಿ ಆತು ಅನ್ನಿಸ್ತು. ಒಳಗ ಮಗಳಿಗೆ ನಡದಿದ್ದ ಬಾಣಂತನನ ಹೊರಗ ಕೋಳಿಗೂ ಶುರು ಮಾಡಿದ್ಲು. ಮಗಳ ಹೊರಸಿನ ಬುಡಕ ಕೆಂಡ ಇಟ್ರ ಕೋಳಿ ಪುಟ್ಟಿ ಬಾಜೂಕೂ ಕೆಂಡ. ಮಗಳಿಗೆ ಅಂಟಿನುಂಡಿ ಕೊಟ್ರ ಕೋಳಿಗೂ ಪುಡಿ ಮಾಡಿ ಒಂದು ಚೂರು. ಗಾಳಿ ಹೋಗಬಾರದಂತ ಮಗಳ ಕಿವಿಗೆ ಹತ್ತಿ ಅರಳಿ ಇಟ್ಲು, ಕೋಳಿ ಕಿವಿ ಎಲ್ಲಿ ಅದ ಅಂತ ನನ್ನ ಕೇಳಾಕ ಬಂದ್ಲು.

ಒಂದಿನ ಮುಂಜಾನೆ ಮಗಳಿಗೆ ಅಜವಾನ, ಬಳ್ಳೊಳ್ಳಿ ಸಿಪ್ಪಿ ಹೊಗಿ ಹಾಕಿ, ಅದ ಕೆಂಡದ ಪರಾತ ತಂದು ಕೋಳಿ ಮುಂದೂ ಇಟ್ಲು. ಕೋಳಿ ಕೆಮ್ಮಿತು, ರೆಕ್ಕಿ ಬಡದು ಗ್ವಾಡಿ ಹಾರಿ ಸಾವ್ಕಾರ್ರ ಮಿಲ್ಲಿನ ಕಡಿ ಓಡಿಹೋತು.

“ಯವ್ವಾ, ಅದಕ್ಯಾಕ ಬಾಣಂತನ ಮಾಡ್ತಿ? ಅದಿನ್ನೂ ಮರಿ ಮಾಡಿಲ್ಲ” ಅಂದೆ.

“ಹಡದ ಮ್ಯಾಲೆ ನನ್ನ ಮಗಳು ಒಂದು ತಾಸು ಸುಮ್ನ ಕುಂತಿಲ್ಲ. ಈ ಹೊಗಿ ಹಾಕೂತನಕ ಅದು ಎದ್ದಿರಲಿಲ್ಲ ನೋಡು. ಖರೇ ಬಾಣಂತಿ ಅದ.”

೩. ದುಂಡನ ಮರಿ

ಕೋಳಿ ಹೋಗಿ ಕುಂತದ್ದು ಮಿಲ್ಲಿನ ಹೊಟ್ಟಿನ ಖೋಲ್ಯಾಗ. ಕುಸಬಲು ಅಕ್ಕಿಗೆ ನೆಲ್ಲು ಕುದಸೋ ದೊಡ್ಡ ಒಲಿ ಆ ಗ್ವಾಡಿ ಆಚಿಗೆ ಇತ್ತು. ಗ್ವಾಡಿ ಬೆಚ್ಚಗ, ಕೆಳಗ ಒಣ ಹೊಟ್ಟು. ಇಡೀ ಮಾನ್ವಿಯಾಗ ಅದಕ್ಕಿಂತ ಚೊಲೋ ಜಾಗ ಇರಲಿಲ್ಲ. ಯವ್ವ ಉಡಿಯಾಗ ತತ್ತಿ ತುಂಬಿಕೊಂಡು ಅದರ ಹಿಂದನ ಓಡಿದ್ಲು, ಆಕಿ ಹಿಂದ ನಾನು.

ಸಾವ್ಕಾರ್ರು ನೇಮದ ಮನಷ್ಯಾ. ದಿನಾ ಲಿಂಗಪೂಜಿ, ಹಣಿತುಂಬ ವಿಭೂತಿ. ಅವರ ಮನ್ಯಾಗ ತತ್ತಿ ಅನ್ನೋ ಮಾತು ಆಡಿದ್ರನ ಬಾಯಿ ಮುಕ್ಕಳಿಸಬೇಕು. ಯವ್ವ ಅವರ ಮುಂದ ಸೆರಗೊಡ್ಡಿ ನಿಂತು ಮಗಳ ಕತಿ ಎಲ್ಲಾ ಹೇಳಿದ್ಲು. ಸಾವ್ಕಾರ್ರಿಗೂ ಹೆಣ್ಣುಮಕ್ಕಳು ಇದ್ವು. ಕೇಳಿಕೋತ ಅವರ ಮಾರಿ ಸಪ್ಪಗಾತು.

“ಕೋಳಿ ಇರ್ಲಿ ಬೇ, ಜೀವ ಅದು. ಆದ್ರ ಆ ಇನ್ನೊಂದು ನನ್ನ ಜಾಗದಾಗ ಇರಬಾರದು.”

“ಅವು ಇಲ್ಲಂದ್ರ ಕೋಳಿ ಯಾಕ ಕುಂದರತದ್ರಿ?” ಅಂದೆ ನಾನು.

ಸಾವ್ಕಾರ್ರು ಭಾಳೊತ್ತು ಗದ್ದ ಕೆರಕೊಂಡ್ರು. “ಕಂಪೌಂಡರ್ರ, ಖರೇ ಹೇಳ್ರಿ. ಅದರೊಳಗ ಈಗ ಏನದ?”

“ಮರಿ ಬೆಳ್ಯಾಕತ್ತದ್ರಿ.”

“ಅಂದಮ್ಯಾಲೆ ಅದು ಮರಿನ. ಮರಿಗೆ ನನ್ನ ತಕರಾರಿಲ್ಲ. ಇವತ್ತಿಂದ ಮಿಲ್ಲಿನಾಗ ಎಲ್ಲಾರೂ ಮರಿ ಅಂತನ ಅನಬೇಕು.”

ಹಮಾಲರೂ ಹೂಂ ಅಂದ್ರು. ಸಾವ್ಕಾರ್ರ ಮನಿಯವರು ಮಾತ್ರ ಬಾಗಿಲದಾಗ ನಿಂತು ಇಣುಕಿ ನೋಡಿ, “ಅಲ್ರೀ, ಇವು ದುಂಡಗ, ಬೆಳ್ಳಗ ಅದಾವಲ್ಲ?” ಅಂದ್ರು.

“ಸಣ್ಣವು ಇದ್ದಾಗ ಎಲ್ಲಾ ದುಂಡಗ ಇರ್ತಾವ. ಸುಮ್ನಿರು.”

೪. ಎಳ್ಳಮಾಸಿ

ಎಳ್ಳಮಾಸಿ ದಿನ ನಮ್ಮ ಕಡಿ ಊರಾಗ ಯಾರೂ ಇರಂಗಿಲ್ಲ. ಸಜ್ಜಿ ರೊಟ್ಟಿ, ಕಡಬು, ಭಜ್ಜಿಪಲ್ಯ ಕಟ್ಟಿಕೊಂಡು ಎಲ್ಲಾರೂ ಹೊಲಕ್ಕ ಹೋಗಿ, ಭೂಮಿತಾಯಿಗೆ ಎಡಿ ಅಂತ ಚರಗ ಚೆಲ್ಲಿ ಉಣ್ಣೂದು. ಅಮಾಸಿ ಅಂದಮ್ಯಾಲೆ ಮಿಲ್ಲೂ ಬಂದ್. ಒಲಿ ಹಚ್ಚೂದಂತೂ ದೂರದ ಮಾತು, ಅದಕ್ಕ ಕೈ ಸೈತ ಹಚ್ಚಂಗಿಲ್ಲ. ನಾನೂ ಯವ್ವನೂ ಸಾವ್ಕಾರ್ರ ಹೊಲಕ್ಕನ ಉಣ್ಣಾಕ ಹೋಗಿದ್ವಿ. ಕಡಬು ಬಾಯಾಗ ಇಡೂದ್ರಾಗ ತಣ್ಣನ ಗಾಳಿ ಬೀಸಿತು. ಯವ್ವ ಎಲಿ ಬಿಟ್ಟು ಎದ್ಲು.

“ಯಪ್ಪಾ, ಒಲಿ ಆರ್ಯದ. ಇಷ್ಟೊತ್ತಿಗೆ ಗ್ವಾಡಿ ತಣ್ಣಗಾಗಿರತದ. ಹೋದ ಸಲನೂ ಇಂಥಾ ಗಾಳಿನ ನನ್ನ ಮರಿ ಒಯ್ತು.”

ಆಕಿ ಮುಂದ, ನಾ ಹಿಂದ, ನನ್ನ ಹಿಂದ ಸಾವ್ಕಾರ್ರ ಮನಿಯವರು. ಸಾವ್ಕಾರ್ರು ಎಲ್ಲಿ ಅಂತ ಯಾರಿಗೂ ಖಬರ ಇರಲಿಲ್ಲ. ಪೂಜಿ ಮುಗಿಸಿ ಬರ್ತೀನಿ ಅಂದಾವ್ರು ಹೊಲಕ್ಕ ಬಂದಿರಲೇ ಇಲ್ಲ.

ಹೊಟ್ಟಿನ ಖೋಲ್ಯಾಗ ಹೋಗಿ ನೋಡಿದ್ರ ಅಲ್ಲೇ ಕುಂತಿದ್ರು. ಹೊಟ್ಟಿಗೆ ಕಿಡಿ ಹಾರಬಾರದಂತ ಬಾಗಿಲ ಹೊರಗ ಕಲ್ಲಿನ ಮ್ಯಾಲೆ ಒಂದು ಕೆಂಡದ ಸಿಗಡಿ. ಅದರ ಮ್ಯಾಲೆ ಇಟ್ಟಿಗಿ ಕಾಸಿ, ಅರಿವ್ಯಾಗ ಸುತ್ತಿ, ಕೋಳಿ ಬಾಜೂಕ ಇಡೂದು, ಆರಿದ ಕೂಡ್ಲೆ ಬದಲ ಮಾಡೂದು. ಗಾಳಿಗೆ ಅಡ್ಡ ಅವರ ಜರತಾರಿ ಶಾಲು ಕಟ್ಟಿದ್ರು. ಮೈಮ್ಯಾಲೆ ಬರೇ ಬನಿಯನ್ನು, ಹಲ್ಲು ಕಟಕಟ ಅನ್ನಾಕತ್ತಿದ್ವು. ಕೋಳಿ ಅರಾಮ ಕಣ್ಣು ಮುಚ್ಚಿಕೊಂಡು ಕುಂತಿತ್ತು. ಯವ್ವ ಅಲ್ಲೇ ಹೊಸ್ತಿಲ ಮ್ಯಾಲೆ ಕುಂತು ಸೆರಗಿಲೆ ಕಣ್ಣು ಒರಸಿಕೊಂಡ್ಲು.

ಸಾವ್ಕಾರ್ರ ಮನಿಯವರು ಸಿಗಡಿ ನೋಡಿದ್ರು, ಗಂಡನ್ನ ನೋಡಿದ್ರು. “ನೋಡ್ರಿ ಕಂಪೌಂಡರ್ರ, ನಾ ಇವರಿಗೆ ಐದು ಹಡದು ಕೊಟ್ಟೀನಿ. ಒಂದು ಬಾಣಂತನದಾಗರ ಹೊರಸಿನ ಹತ್ರ ಬಂದು ಥಂಡಿ ಆತೇನು ಅಂತ ಕೇಳಿದ್ರ, ಆಣಿ ಮಾಡಿ ಹೇಳ್ತೀನಿ.”

೫. ಬೀಗ್ರು

ಅಮಾಸಿ ಆಗಿ ಸ್ವಲ್ಪ ದಿನಕ್ಕ ಮರಿ ಹೊರಗ ಬಂದ್ವು. ಕೆಲವು ಜೊಳ್ಳಾದ್ವು, ಉಳಿದದ್ದೆಲ್ಲಾ ಗಟ್ಟಿ. ಸಾವ್ಕಾರ್ರು ಚಿಂವ್ ಚಿಂವ್ ಕೇಳಿ ಪೂಜಿ ನಡುವ ಎದ್ದು ಬಂದು ನೋಡಿದ್ರಂತ. ಮರಿಗೆ ನುಚ್ಚು, ನುಚ್ಚಿಗೆ ನೆರಳು, ನೆರಳಿಗೆ ಕಾವಲು, ಎಲ್ಲಾ ಅವರದ. ಮರಿ ಬಲೀಲಿ ಅಂತ ಯವ್ವ ಮಗಳನ್ನೂ ಇನ್ನೂ ಕೆಲವು ದಿನ ಇಟ್ಟುಕೊಂಡ್ಲು.

ಕರಕೊಂಡು ಹೋಗಾಕ ಚೀಕಲಪರ್ವಿಯಿಂದ ಅತ್ತಿನ ಬಂಡಿ ಹೂಡಿಸಿಕೊಂಡು ಬಂದ್ಲು. ಬಂಡಿ ಮ್ಯಾಲಿಂದ ಇಳಿಯೂಕಿಂತ ಮೊದಲ, “ಈ ಸಲ ಏನು ಕೊಟ್ಟು ಕಳಸ್ತೀರಿ?” ಅಂದ್ಲು. ಯವ್ವ ಪುಟ್ಟಿ ತಂದು ಮುಂದ ಇಟ್ಟು ಮುಚ್ಚಳ ತಗದ್ಲು. ಮರಿಗಳೆಲ್ಲಾ ಒಮ್ಮೆಲೆ ತಲಿ ಎತ್ತಿದ್ವು. ಅತ್ತಿ ಬಗ್ಗಿ ನೋಡಿದ್ಲು, ಒಂದನ್ನ ಅಂಗೈಯಾಗ ತಗೊಂಡು ನೋಡಿದ್ಲು. “ಮಾಗಿ ಮರಿ ಇಷ್ಟು ಗಟ್ಟಿ ಇರೋದು ನಾ ಕಂಡಿಲ್ಲವ್ವ” ಅಂದ್ಲು. ಯವ್ವನ ಮಗಳು ಅವತ್ತು ತಲಿ ಎತ್ತಿ ನಿಂತದ್ದನ್ನ ನಾ ಕಣ್ಣಾರೆ ನೋಡೀನಿ.

ಅಷ್ಟರಾಗ ಸಾವ್ಕಾರ್ರು ಹೆಣ್ತಿ ಜೋಡಿ ಬಂದ್ರು. ಅವರ ಮನಿಯವರು ಹುಡುಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಉಡಿ ತುಂಬಿದ್ರು. ಆಮ್ಯಾಲೆ ಸಾವ್ಕಾರ್ರು ತಾವು ತಂದ ನುಚ್ಚಿನ ಚೀಲ ಬಿಚ್ಚಿ, ಬೊಗಸಿ ತುಂಬ ನುಚ್ಚು ತಗೊಂಡು ಪುಟ್ಟ್ಯಾಗ ಹಾಕಿ, ಕೋಳಿ ತಲಿಮ್ಯಾಲೆ ಒಂಚೂರು ವಿಭೂತಿ ಹಚ್ಚಿದ್ರು. ಇಡೀ ಚೀಕಲಪರ್ವಿ ನೆಲ್ಲು ತಗೊಳ್ಳೋ ಸಾವ್ಕಾರ ಹಿಂಗ ಮಾಡೋದನ್ನ ನೋಡಿ ಅತ್ತಿ ಬಾಯಿ ತೆರದು ನಿಂತ್ಲು.

“ಬಾಣಂತನ ನಮ್ಮ ಮನ್ಯಾಗ ಆಗ್ಯದ, ತಾಯಿ. ಈ ಕೋಳಿ ಇನ್ನ ನಮ್ಮ ಮನಿ ಮಗಳಿದ್ದಂಗ. ಚೊಲೋತ್ನಂಗ ನೋಡಿಕೋರಿ” ಅಂತ ಕೈ ಮುಗದ್ರು.

ಅತ್ತಿ ಕೋಳಿ ನೋಡಿದ್ಲು, ಸಾವ್ಕಾರ್ರ ಹಣಿಮ್ಯಾಗಿನ ವಿಭೂತಿ ನೋಡಿದ್ಲು. ಪುಟ್ಟಿ ಎತ್ತಿ ಬಂಡಿಯಾಗ ತನ್ನ ತೊಡಿಮ್ಯಾಲೆ ಇಟ್ಟುಕೊಂಡ್ಲು.

“ಆಗ್ಲಿರಿ ಸಾವ್ಕಾರ್ರ, ನೋಡಿಕೋತೀನಿ. ಆದ್ರ ಮಗಳನ್ನ ಕೊಟ್ಟಮ್ಯಾಲೆ ನೀವು ನಮಗ ಬೀಗ್ರಾದ್ರಿ. ಬೀಗ್ರು ಮನಿಗೆ ಬಂದ್ರ ನಮ್ಮಲ್ಲಿ ಕೋಳಿ ಕೊಯ್ಯೋದು ಪದ್ಧತಿ. ನಾಳೆ ನೀವು ಬಂದ್ರ ನಾ ಏನು ಕೊಯ್ಯಲಿ?”

ಸಾವ್ಕಾರ್ರು ಕಣ್ಣು ಮುಚ್ಚಿ, ಎದಿಮ್ಯಾಗಿನ ಲಿಂಗದ ಮ್ಯಾಲೆ ಕೈ ಇಟ್ಟುಕೊಂಡು ವಿಚಾರ ಮಾಡಿದ್ರು. ಆಮ್ಯಾಲೆ ಭಾಳ ಗಂಭೀರ ಆಗಿ ಅಂದ್ರು:

“ಬದನಿಕಾಯಿ ಕೊಯ್ರಿ, ತಾಯಿ. ಅದೂ ಆಕಿ ಇಲ್ಲದ ಕಡಿ.”