ಗೆರೆಯಿಲ್ಲದ ಕನ್ನಡಕ

ಅರ್ಧ ಓದಿದ್ದನ್ನು ಪೂರ್ತಿ ತಿಳಿದವನಂತೆ ಹೇಳುವುದು ನನ್ನ ಹಳೆಯ ಚಟ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದುದರಿಂದ ಅದನ್ನು ಯಾರೂ ಚಟವೆಂದು ಗುರುತಿಸಲಿಲ್ಲ. ೧೯೮೦ರ ಆಸುಪಾಸಿನಲ್ಲಿ ನನಗೆ ಜೋಡುಗಾಜಿನ ಕನ್ನಡಕ ಬಂತು. ಮೇಲೆ ದೂರದ್ದು, ಕೆಳಗೆ ಓದುವುದು, ನಡುವೆ ಒಂದು ಗೆರೆ. ಆ ಗೆರೆಯ ದೆಸೆಯಿಂದ ಮೆಟ್ಟಿಲುಗಳು ಇದ್ದಲ್ಲಿ ಇರುತ್ತಿರಲಿಲ್ಲ. ನಾನು ಕಾಲಿನಿಂದ ತಡಕಾಡುತ್ತ ಇಳಿಯುವುದನ್ನು ಕಂಡು ವಿದ್ಯಾರ್ಥಿಗಳು ಬಹಳ ಗೌರವದಿಂದ ದಾರಿ ಬಿಡುತ್ತಿದ್ದರು.

ಅದನ್ನೇ ಹಾಕಿಕೊಂಡು ಇಳಕಲ್ಲಿನ ಸೋದರಮಾವನ ಮನೆಗೆ ಹೋದೆ. ಮಾವ ನೇಕಾರರು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ಈಚೆಗೆ ಕಣ್ಣು ಮಂಜಾಗಿ ಕೊಂಡಿ ತಪ್ಪುತ್ತಿದ್ದವು. ಅತ್ತೆ ನನ್ನ ಕನ್ನಡಕ ತೋರಿಸಿ, "ನೀವೂ ಇಂಥಾದೊಂದು ಮಾಡಸ್ರಿ" ಎಂದರು. ಮಾವ ಅದನ್ನು ಇಸಿದುಕೊಂಡು ಗಾಜಿನ ಮೇಲೆ ಹೆಬ್ಬೆರಳು ಆಡಿಸಿದರು. ಸೆರಗು ಕೂಡಿದ ಜಾಗವನ್ನು ಅವರು ಪರೀಕ್ಷಿಸುವುದೂ ಹೀಗೆಯೇ. ಬೆರಳಿಗೆ ಏನಾದರೂ ತಾಗಿದರೆ ಆ ಸೀರೆ ಮನೆಯಿಂದ ಹೊರಗೆ ಹೋಗುವಂತಿಲ್ಲ.

"ಕೂಡಿಸಿದ್ದು ಕೈಗೆ ಹತ್ತತೈತಲ್ಲೋ! ಇದನ್ನ ನೇಯ್ದಾಂವ ಯಾವ ಊರಾಂವ?"

ನಾನು ಸುಮ್ಮನಿರಬಹುದಿತ್ತು. ಆದರೆ ಆ ವಾರವೇ ಯಾವುದೋ ವಿಜ್ಞಾನ ಪತ್ರಿಕೆಯಲ್ಲಿ ಓದಿದ್ದೆ: ಗಾಜಿನ ಬದಲು ಒಂದು ಬಗೆಯ ಪ್ಲಾಸ್ಟಿಕ್, ಬೆಳಕನ್ನು ಬಾಗಿಸುವ ಅದರ ಗುಣ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಬದಲಾಗುತ್ತ ಹೋಗುತ್ತದೆ, ನಡುವೆ ಗೆರೆಯೇ ಇಲ್ಲ.

"ಇನ್ನೇನು ಬಂದಬಿಡ್ತೈತಿ ಮಾವಾ" ಎಂದೆ. ಪ್ರಯೋಗ ನಡೆದಿದೆ ಎಂದಷ್ಟೇ ಪತ್ರಿಕೆಯಲ್ಲಿತ್ತು. 'ಇನ್ನೇನು' ಎಂಬುದು ನನ್ನ ಸ್ವಂತ ಕೊಡುಗೆ.

"ಹಂಗಾದ್ರ ನಾ ಅದನ್ನ ತಗೋತೇನಿ" ಎಂದು ಮಾವ ಕಾಯತೊಡಗಿದರು. ವರ್ಷ ದಾಟಿತು. ಕೊಂಡಿ ಹಾಕುವ ಕೆಲಸ ಅತ್ತೆಯ ಪಾಲಾಯಿತು. ಆಮೇಲೆ ಮಗ್ಗವೇ ನಿಂತಿತೆಂದು ಕಾಗದ ಬಂತು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಕೂಡಲೇ ಬಸ್ಸು ಹಿಡಿದು ಹೋಗಿ, "ಅದು ಯಾವಾಗ ಬರ್ತೈತೋ ನನಗ ಗೊತ್ತಿಲ್ಲ ಮಾವಾ" ಎಂದು ಒಪ್ಪಿಕೊಂಡೆ. ಅವರನ್ನು ಬಾಗಲಕೋಟೆಗೆ ಕರೆತಂದು ಗೆರೆಯಿರುವ ಕನ್ನಡಕವನ್ನೇ ಮಾಡಿಸಿಕೊಟ್ಟೆ.

ಮುಂದಿನ ಸಲ ಹೋದಾಗ ಮಗ್ಗದ ಸದ್ದು ಬೀದಿಗೇ ಕೇಳಿಸಿತು. ಮಾವ ಹೊಸ ಸೀರೆಯೊಂದನ್ನು ನನ್ನ ಮಡಿಲಿಗೆ ಹಾಕಿ, "ಕೂಡಿಸಿದ್ದು ಎಲ್ಲೈತಿ, ಹುಡುಕು" ಎಂದರು. ಹೆಬ್ಬೆರಳು ಆಡಿಸಿದೆ, ಏನೂ ತಾಗಲಿಲ್ಲ. ನನ್ನ ಎದೆ ಹಗುರಾಯಿತು.

ಮಾವ ಕನ್ನಡಕದೊಳಗಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ಅವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

"ನಿಂದು ಚಾಳೀಸು ಹೊಸಾದು ಕಾಣ್ತೈತಿ. ಇದಕ್ಕೂ ಗೆರಿ ಐತಿ. ಯಾವಾಗ ಮಾಡಿಸಿದಿ?"

"ಹ್ವಾದ ವರ್ಷ."

"ನಾ ಕಾಯ್ಕೋತ ಕುಂತಾಗ?"

ನಾನು ತಡವಾಯಿತೆನ್ನುತ್ತ ಎದ್ದೆ. ಹೊಸ್ತಿಲಾಚೆಯ ಮೆಟ್ಟಿಲು ಅಂದೂ ಇದ್ದಲ್ಲಿ ಇರಲಿಲ್ಲ. ಮಾವನೇ ನನ್ನ ರಟ್ಟೆ ಹಿಡಿದು ಇಳಿಸಿದರು.