ಲಿಂಗಣ್ಣನ ತೂಕ ಇಳಿಸಲು ನಾನು ಕಟ್ಟಿದ ಸಂಘ

ಒಂದು ಸಂಘ ಕಟ್ಟಿ, ನಾಲ್ಕು ನಿಯಮ ಬರೆದುಬಿಟ್ಟರೆ ಲೋಕದಲ್ಲಿ ಆಗದ ಕೆಲಸವೇ ಇಲ್ಲ ಎಂದು ಆಗ ನಾನು ನಂಬಿದ್ದೆ. ನಾನು ಅಕ್ಷರ ಕಲಿತದ್ದೇ ಮೀಸೆ ಬಂದ ಮೇಲೆ, ವಯಸ್ಕರ ಶಾಲೆಯಲ್ಲಿ. ಆಮೇಲೆ ಮಗ್ಗ ಬಿಟ್ಟು ನೇಕಾರರ ಸೊಸೈಟಿಯೊಂದರಲ್ಲಿ ಗುಮಾಸ್ತನಾದೆ. ತಡವಾಗಿ ಕಲಿತವನಿಗೆ ಕಾಗದದ ಮೇಲೆ ಭಕ್ತಿ ಜಾಸ್ತಿ. ಬರೆದದ್ದೆಲ್ಲ ನಡೆದೇ ನಡೆಯುತ್ತದೆ ಅಂದುಕೊಳ್ಳುತ್ತಾನೆ.

ಹಾಗಾಗಿ ಪಕ್ಕದ ಮನೆಯ ಲಿಂಗಣ್ಣ ಆಸ್ಪತ್ರೆಯಿಂದ ಬಂದು ನಮ್ಮ ಜಗಲಿಯ ಮೇಲೆ ಉಸ್ಸೆಂದು ಕೂತಾಗ ನನಗೆ ಸ್ವಲ್ಪವೂ ಹೆದರಿಕೆಯಾಗಲಿಲ್ಲ.

"ಡಾಕ್ಟ್ರು ಏನಂದ್ರು?" ಅಂತ ಕೇಳಿದೆ.

"ಗುಂಡಿಗೆಗೆ ಭಾರ ಆಯ್ತದಂತೆ ಕಣ್ಲಾ ಪುಟ್ಸಾಮಿ. ಅದ್ನೈದು ಕಿಲೋ ಇಳೀಬೇಕಂತೆ. ಇಲ್ದಿದ್ರೆ ಅಷ್ಟೇಯ ಅಂದ್ರು."

"ಅಷ್ಟೇಯ ಅಂದ್ರೆ ಏನ್ಲಾ?"

"ನಾನು ಕೇಳ್ಳಿಲ್ಲ. ಅವ್ರೂ ಏಳ್ಳಿಲ್ಲ."

ಲಿಂಗಣ್ಣನೂ ನಾನೂ ಒಂದೇ ವರ್ಷ ಹುಟ್ಟಿದವರು. ನಮ್ಮ ಕೊಳ್ಳೇಗಾಲದ ಮಗ್ಗಕ್ಕೆ ನೆಲದಲ್ಲಿ ಗುಣಿ ತೋಡಿರುತ್ತಾರೆ. ನೇಯುವವನು ಅದರೊಳಗೆ ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂರಬೇಕು. ಲಿಂಗಣ್ಣ ಕೂತರೆ ಅವನ ಹೊಟ್ಟೆ ನೇಯ್ದ ಸೀರೆಗೆ ತಾಗುತ್ತಿತ್ತು. ಗುಣಿಯಿಂದ ಏಳಬೇಕಾದರೆ ಗೋಡೆಯಾಚೆಯಿಂದ ನನ್ನನ್ನು ಕೂಗುತ್ತಿದ್ದ. ನಾನು ಹೋಗಿ ಕೈಹಿಡಿದು ಎಳೆಯುತ್ತಿದ್ದೆ. ಬಾವಿಯಿಂದ ಎಮ್ಮೆ ಎತ್ತಿದ ಹಾಗೆ!

"ಒಬ್ನೇ ಆಗಕಿಲ್ಲ ಕಣ್ಲಾ," ಅಂದ ಲಿಂಗಣ್ಣ. "ಅಸ್ಕಂಡಿದ್ರೆ ನಂಗೆ ಅಳು ಬತ್ತದೆ."

"ನೀನೊಬ್ನೇ ಯಾಕ್ಲಾ? ನಾನಿಲ್ವಾ? ಯಾವ್ದಾದ್ರೂ ಒಳ್ಳೆ ಗುಂಪು ನೋಡಿ ಇಬ್ರೂ ಸೇರ್ಕಳವ."

ಒಳಗಿನಿಂದ ನನ್ನ ಹೆಂಡತಿ ಸಾಕಮ್ಮ ಕೂಗಿದಳು. "ಮೊದ್ಲು ನಿಮ್ ಒಟ್ಟೆ ನೋಡ್ಕಳಿ! ಪಂಚೆ ಎಲ್ಲಿ ಕಟ್ಟದು ಅಂತ ದಿನಾ ಉಡುಕ್ತೀರಿ!"

ಅದನ್ನು ನಾನು ಪ್ರೋತ್ಸಾಹದ ಮಾತೆಂದೇ ಸ್ವೀಕರಿಸಿದೆ.

ಮೊದಲು ಗರಡಿ ಮನೆಗೆ ಹೋದೆವು. ಅಲ್ಲಿನ ವಸ್ತಾದರು ಸಂತೆಯಲ್ಲಿ ಎತ್ತು ನೋಡುವ ಹಾಗೆ ಲಿಂಗಣ್ಣನ ಭುಜ ಹಿಸುಕಿ, ಬೆನ್ನು ತಟ್ಟಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಎಂಥಾ ಮೈ ಕಣಯ್ಯ ಇದು! ಇದನ್ನ ಇಳ್ಸು ಅಂದೋನು ಯಾವನ್ಲಾ? ಇಲ್ಲಿ ಬರೋರೆಲ್ಲಾ ಏರ್ಸಕ್ಕೆ ಬರೋದು!" ಎಂದು ಬಾದಾಮಿ, ಹಾಲು, ತುಪ್ಪ ಬರೆದುಕೊಟ್ಟರು. ಬಸ್ಕಿ ಮಾತ್ರ ನಿಧಾನವಾಗಿ ನೋಡೋಣ ಅಂದರು. ಲಿಂಗಣ್ಣ ಹಾಲು ತುಪ್ಪವನ್ನು ಒಂದು ದಿನವೂ ತಪ್ಪಿಸಲಿಲ್ಲ. ಒಂದೇ ವಾರದಲ್ಲಿ ಅವನನ್ನು ಗುಣಿಯಿಂದ ಎಳೆಯಲು ನನ್ನ ಜೊತೆ ಸಾಕಮ್ಮನೂ ಬರಬೇಕಾಯಿತು.

ಎರಡನೆಯದು ಸೋಮವಾರದ ಉಪವಾಸದ ಭಜನಾ ಮಂಡಳಿ. ಅನ್ನ ಮುಟ್ಟುವ ಹಾಗಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟು. ಅನ್ನ ಒಂದನ್ನು ಬಿಟ್ಟು ಭೂಮಿಯ ಮೇಲಿನ ಉಳಿದದ್ದೆಲ್ಲ ಎಲೆಗೆ ಬಂತು. ಉಪ್ಪಿಟ್ಟು, ಅವಲಕ್ಕಿ, ಬೇಯಿಸಿದ ಗೆಣಸು, ಬಾಳೆಹಣ್ಣು, ಮತ್ತೆ ಉಪ್ಪಿಟ್ಟು. ಲಿಂಗಣ್ಣನ ಕಣ್ಣಲ್ಲಿ ನೀರು ಬಂತು.

"ಲೇ, ಉಪಾಸ ಅಂದ್ರೆ ಇದೇಯಾ? ಇಷ್ಟ್ ವರ್ಸ ಯಾಕ್ಲಾ ನಂಗೆ ಏಳ್ಳಿಲ್ಲ ನೀನು?"

ಮೂರನೆಯದು ನಿವೃತ್ತ ಹೆಡ್‌ಮಾಸ್ಟರರ ಮುಂಜಾನೆಯ ತಂಡ. ಮೇಷ್ಟ್ರು ಬೆತ್ತದಷ್ಟೇ ದಪ್ಪ. ಕೈಯಲ್ಲಿ ಬೆತ್ತವನ್ನೂ ಹಿಡಿದು "ಕ್ವಿಕ್! ಕ್ವಿಕ್!" ಅನ್ನುತ್ತಾ ಮರಡಿಗುಡ್ಡದ ಮೆಟ್ಟಿಲು ಹತ್ತಿಸುತ್ತಿದ್ದರು. ಸ್ವಲ್ಪ ದೂರ ಹತ್ತಿದ ಲಿಂಗಣ್ಣ ಒಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಏನಯ್ಯ, ಮನಸ್ಸು ಬೇಕು, ಮನಸ್ಸು!" ಅಂದರು ಮೇಷ್ಟ್ರು.

"ಮನ್ಸು ಅದೆ ಸಾ. ಅದು ಆಗ್ಲೇ ಮೇಲಕ್ಕೋಯ್ತು. ನಾನೇ ಇಲ್ಲಿವ್ನಿ."

ಎಲ್ಲರೂ ನಕ್ಕರು. ನಾನೂ ನಕ್ಕು, ಎಬ್ಬಿಸೋಣ ಎಂದು ಅವನ ಕೈ ಹಿಡಿದೆ. ಅಂಗೈ ತಣ್ಣಗೆ ಒದ್ದೆಯಾಗಿತ್ತು. ತುಟಿ ಬೆಳ್ಳಗಾಗಿತ್ತು. "ನೀವು ಓಗ್ರಲಾ, ನಾನು ಇಲ್ಲೇ ಊರು ನೋಡ್ತಾ ಕೂತಿರ್ತೀನಿ," ಅಂದ. ನಾನು ಹೋಗಲಿಲ್ಲ. ಇಬ್ಬರೂ ಕೂತು ಊರು ನೋಡಿದೆವು. ನೇಕಾರರ ಬೀದಿಯ ಹೆಂಚುಗಳ ನಡುವೆ ಅವನ ಮನೆ ಯಾವುದು, ನನ್ನದು ಯಾವುದು ಎಂದು ಅವನೇ ಬೆರಳಿಟ್ಟು ತೋರಿಸಿದ. ನನಗೆ ಅವತ್ತು ಮೊದಲನೇ ಸಲ ಭಯವಾಯಿತು.

ಭಯವಾದಾಗ ನನಗೆ ಗೊತ್ತಿದ್ದ ಮದ್ದು ಒಂದೇ. ಮನೆಗೆ ಬಂದವನೇ ಸಂಘ ಸ್ಥಾಪಿಸಿದೆ!

'ಕೊಳ್ಳೇಗಾಲ ಶ್ರಮಜೀವಿಗಳ ದೇಹಭಾರ ನಿವಾರಣಾ ಸಂಘ.' ಹೋಟೆಲಿನ ನಂಜಪ್ಪ ಅಧ್ಯಕ್ಷ, ದಿನಸಿ ಅಂಗಡಿಯ ಮಾದಪ್ಪ ಉಪಾಧ್ಯಕ್ಷ, ನಾನು ಕಾರ್ಯದರ್ಶಿ. ಸದಸ್ಯ ಲಿಂಗಣ್ಣ ಒಬ್ಬನೇ. ನಿಯಮಾವಳಿಯನ್ನು ಸೊಸೈಟಿಯ ಟೈಪ್ ಮೆಷಿನ್ನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದೆ. ಪ್ರತಿ ಭಾನುವಾರ ಎಲ್ಲರೂ ಬೆಲ್ಲದ ಮಂಡಿಯಲ್ಲಿ ಬಹಿರಂಗವಾಗಿ ತೂಗಿಸಿಕೊಳ್ಳತಕ್ಕದ್ದು. ತೂಕ ಇಳಿದವರಿಗೆ ಉಳಿದವರು ಚಪ್ಪಾಳೆ ತಟ್ಟತಕ್ಕದ್ದು. ಏರಿದವರನ್ನು ಯಾರೂ ಹಂಗಿಸತಕ್ಕದ್ದಲ್ಲ. ಓದಿ ಹೇಳಿದಾಗ ಲಿಂಗಣ್ಣ ಕೈಮುಗಿದ.

ಮಂಡಿಯಲ್ಲಿ ತೂಗುತ್ತಿದ್ದವನು ಮಾರ್ಟಳ್ಳಿಯ ಅಂತೋಣಿ. ಸತ್ತೇಗಾಲದ ಕಡೆಯಿಂದ ಬಂದ ಬೆಲ್ಲ ತೂಗಲು ಅಲ್ಲೊಂದು ದೊಡ್ಡ ತಕ್ಕಡಿ ತೊಲೆಗೆ ನೇತುಹಾಕಿತ್ತು. ಎರಡು ಹಲಗೆ, ಎರಡಕ್ಕೂ ಸರಪಳಿ. ಒಂದರ ಮೇಲೆ ಲಿಂಗಣ್ಣ ಕೂತ. ಇನ್ನೊಂದರ ಮೇಲೆ ಅಂತೋಣಿ ಕಲ್ಲು ಹೇರಿದ. ಮತ್ತೆ ಹೇರಿದ.

"ಅಡಡಾ! ಸಾಮಿ, ಇನ್ನೊಂದು ಕಲ್ಲು ಪಕ್ಕದ ಮಂಡೀಲಿ ಕೇಳ್ಕಂಡು ಬರ್ಲಾ?"

ತೊಂಬತ್ತೆಂಟು ಕಿಲೋ. ಕಿಲೋ ಎಂಬುದು ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಅಲ್ಲಿದ್ದವರೆಲ್ಲ ಅದನ್ನು ಮಣಕ್ಕೆ ತಿರುಗಿಸಿ, ಅರ್ಥ ಮಾಡಿಕೊಂಡು, ಇನ್ನೊಂದು ಸಲ ನಕ್ಕರು.

ಆ ವಾರ ಲಿಂಗಣ್ಣ ಅರ್ಧ ಮುದ್ದೆ, ಉಪ್ಪೆಸರಿನಲ್ಲಿ ಬದುಕಿದ. ಅವನ ಹೆಂಡತಿ ಶಂಕ್ರಮ್ಮ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು. "ಕೂಸಿನಂಗೆ ಅಳ್ತಾರೆ ಕಣಣ್ಣ. ತಟ್ಟೆ ನೆಕ್ಕಿ ನೆಕ್ಕಿ ಇಡ್ತಾರೆ."

ಎರಡನೇ ಭಾನುವಾರ ಬಂತು. ಅಧ್ಯಕ್ಷರಿಗೆ ಹೋಟೆಲಿನಲ್ಲಿ ರಶ್ಶು. ಉಪಾಧ್ಯಕ್ಷರು ನೆಂಟರ ಮನೆಯ ಊಟಕ್ಕೆ ಹೋಗಿದ್ದರು. ಲಿಂಗಣ್ಣ ಹಲಗೆಯ ಮೇಲೆ ಕೂತು, ಕಣ್ಣು ಮುಚ್ಚಿ, ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದ. ನಾನು ಪುಸ್ತಕ ಹಿಡಿದು ಕಲ್ಲಿನ ಹಲಗೆಯ ಪಕ್ಕದಲ್ಲಿ ನಿಂತಿದ್ದೆ. ಅಂತೋಣಿ ಕಲ್ಲಿಟ್ಟ. ತೊಂಬತ್ತೆಂಟೇ! ಒಂದು ಚೂರು ಹೆಚ್ಚೇ!

ಲಿಂಗಣ್ಣ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆ ಮುಖ ನೋಡಿದೆ. ಅರ್ಧ ಮುದ್ದೆಯ ಮುಖ.

ರೇಷ್ಮೆ ತೂಗುವ ಬೀದಿಯಲ್ಲಿ ಹುಟ್ಟಿದವನಿಗೆ ತಕ್ಕಡಿಯ ಕಳ್ಳದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಹುಕಾರರು ಕೊಟ್ಟ ರೇಷ್ಮೆಗೂ ನೇಯ್ದು ತಂದ ಸೀರೆಗೂ ತೂಕ ಕೂಡದಿದ್ದರೆ ಸೀರೆಗೆ ಒಂದಿಷ್ಟು ನೀರಿನ ಆವಿ ಕುಡಿಸುವುದನ್ನು ಅಂಬೆಗಾಲಿಡುವಾಗಲೇ ನೋಡಿರುತ್ತೇವೆ. ನನ್ನ ಪಂಚೆಯ ಮರೆಯಲ್ಲಿ ಕಾಲ ಹೆಬ್ಬೆರಳು ತಾನಾಗಿಯೇ ಮುಂದೆ ಹೋಯಿತು. ಕಲ್ಲಿನ ಹಲಗೆಯ ಅಂಚನ್ನು ಮೆಲ್ಲಗೆ ಒತ್ತಿತು. ಲಿಂಗಣ್ಣ ಮೇಲೆದ್ದ. ಅಂತೋಣಿ ನನ್ನ ಕಾಲು ನೋಡಿದ, ನನ್ನ ಮುಖ ನೋಡಿದ. ಒಂದು ಕಿಲೋ ಕಲ್ಲು ತೆಗೆದ.

"ತೊಂಬತ್ತೇಳು!" ಎಂದು ನಾನು ಘೋಷಿಸಿದೆ.

ಲಿಂಗಣ್ಣ ಕಣ್ಣುಬಿಟ್ಟ. ಬೆಲ್ಲದ ಮೂಟೆಗಳ ನಡುವೆ ನಾನೊಬ್ಬನೇ ನಿಂತು ಚಪ್ಪಾಳೆ ತಟ್ಟಿದೆ.

ಒಂದೇ ಸಲ ಅಂದುಕೊಂಡೇ ಮಾಡಿದ್ದು. ಆದರೆ ಮುಂದಿನ ವಾರ ನಿಜದ ತೂಕ ಬಂದರೆ ಒಂದು ಕಿಲೋ ಏರಿದ ಹಾಗಾಗುತ್ತದಲ್ಲ! ಮತ್ತೆ ಒತ್ತಿದೆ. ಅದರ ಮುಂದಿನ ವಾರ ಇನ್ನೂ ಸ್ವಲ್ಪ ಗಟ್ಟಿಯಾಗಿ. ಅಧ್ಯಕ್ಷರೂ ಉಪಾಧ್ಯಕ್ಷರೂ ಅಷ್ಟರಲ್ಲಿ ಸಂಘದ ಹೆಸರನ್ನೇ ಮರೆತಿದ್ದರು. ಲಿಂಗಣ್ಣ ಮಾತ್ರ ಭಾನುವಾರ ಬೆಳಗಾದರೆ ಸ್ನಾನ ಮಾಡಿ, ಮಡಿ ಅಂಗಿ ತೊಟ್ಟು ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದ. ಹರಟೆ ಹೊಡೆಯುತ್ತಾ, ಅಲ್ಲಲ್ಲಿ ಕೂರುತ್ತಾ ಇಬ್ಬರೂ ಮಂಡಿಗೆ ಹೋಗುತ್ತಿದ್ದೆವು. ತೊಂಬತ್ತೈದು, ತೊಂಬತ್ತನಾಲ್ಕು, ತೊಂಬತ್ತೆರಡು. ತೂಕ ಇಳಿದ ಸಂತೋಷಕ್ಕೆ ಶಂಕ್ರಮ್ಮ ಆ ದಿನ ಪಾಯಸ ಮಾಡುತ್ತಿದ್ದಳು. ಅದರಲ್ಲಿ ಕಾರ್ಯದರ್ಶಿಗೂ ಒಂದು ಲೋಟ!

ಎಂಬತ್ತೆಂಟು ಎಂದು ಬರೆದ ದಿನ ಅಂತೋಣಿ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಬೇಡ ಸಾಮಿ. ಬೆಲ್ಲಕ್ಕಾದ್ರೆ ಪರ್ವಾಗಿಲ್ಲ. ಇದು ಆಳು."

ಮನೆಗೆ ಬಂದು ಸಾಕಮ್ಮನಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕಡೆಯುತ್ತಿದ್ದ ಮಜ್ಜಿಗೆ ನಿಲ್ಲಿಸಿದಳು.

"ಅವ್ರು ಇಳ್ದೆ ಅನ್ಕಂಡು ಔಷ್ದಿಗೂ ಓಯ್ತಿಲ್ವಂತಲ್ರೀ! ಅದ್ನೈದು ಆದ್ಮೇಲೇ ಡಾಕ್ಟ್ರ ಮುಂದೆ ನಿಂತ್ಕತೀನಿ ಅಂತ ಕೂತವ್ರಂತೆ. ಎದ್ದೋಗಿ, ಈಗ್ಲೇ ಏಳ್ಬುಟ್ಟು ಬನ್ನಿ!"

ಹೋದೆ. ಲಿಂಗಣ್ಣ ಗುಣಿಯಲ್ಲಿ ಕೂತು ನೇಯುತ್ತಿದ್ದ. ಬಾಯಿ ತೆರೆಯುವಷ್ಟರಲ್ಲಿ ಅವನೇ, "ಬಾ ಬಾ! ನಿಲ್ಲು ಅಲ್ಲೇ. ಕೈ ಕೊಡ್ಬ್ಯಾಡ," ಅಂದ. ಎರಡು ಕೈಯನ್ನೂ ನೆಲಕ್ಕೆ ಊರಿ, ಮುಕ್ಕಿ, ಕೆಂಪಾಗಿ, ಒಬ್ಬನೇ ಗುಣಿಯಿಂದ ಮೇಲೆ ಬಂದ! ಗೋಡೆಗೆ ಒರಗಿ ತುಂಬಾ ಹೊತ್ತು ಏದುಸಿರು ಬಿಟ್ಟ. ಮುಖ ಮಾತ್ರ ಮದುಮಗನ ಮುಖ.

"ನೋಡ್ದಾ? ನಿನ್ ಸಂಗ ಕಣ್ಲಾ ಇದು! ಈಗೇಳು, ಏನ್ ಬಂದೆ?"

"ಏನಿಲ್ಲ," ಅಂದೆ. "ಭಾನುವಾರ ಬೇಗ ಹೊರಡೋಣ ಅಂತ ಹೇಳೋಕೆ ಬಂದೆ."

ಆ ಭಾನುವಾರ ಬರಲೇ ಇಲ್ಲ. ಗುರುವಾರ ಮಧ್ಯಾಹ್ನ ಮಗ್ಗದ ಸದ್ದು ನಿಂತಿತು. ನನ್ನನ್ನು ಕೂಗುತ್ತಾನೆ ಎಂದು ಕಾದೆ. ಕೂಗಿದ್ದು ಶಂಕ್ರಮ್ಮ. ಲಿಂಗಣ್ಣ ಅರ್ಧ ನೇಯ್ದ ಸೀರೆಯ ಮೇಲೆ ತಲೆಯಿಟ್ಟು ಮಲಗಿದ್ದ. ಗುಣಿಯಿಂದ ಅವನನ್ನು ಎತ್ತಲು ನಾಲ್ಕು ಜನ ಬೇಕಾಯಿತು.

ಚಟ್ಟಕ್ಕೆ ಸಂಘದ ಪದಾಧಿಕಾರಿಗಳೆಲ್ಲರೂ ಹೆಗಲು ಕೊಟ್ಟೆವು. ಸಭೆಗೆ ಪೂರ್ತಿ ಹಾಜರಿ ಅಂತ ಇದ್ದದ್ದು ಅದೊಂದೇ ದಿನ. ಬೀದಿಯ ತಿರುವಿನಲ್ಲಿ ಹಿಂದಿನಿಂದ ನಂಜಪ್ಪ ಏದುತ್ತಾ, "ಅಲ್ಲಾ ಪುಟ್ಸಾಮಿ, ಅತ್ತು ಕಿಲೋ ಇಳ್ದಿದ್ದ ಅಂದ್ಯಲ್ಲಾ? ಯಾಕ್ಲಾ ಇಷ್ಟ್ ಭಾರ?" ಅಂದ.

"ಜೀವ ಓದ್ಮೇಲೆ ಭಾರ ಆಯ್ತದೆ ಬುಡು," ಅಂದ ಮಾದಪ್ಪ.

ನಿಜವಾದ ತೂಕ ನನ್ನ ಎಡ ಹೆಗಲಿಗೆ ಗೊತ್ತಾಗುತ್ತಿತ್ತು. ಎಂಟು, ಒಂಬತ್ತು, ಹತ್ತು ಎಂದು ಹೆಜ್ಜೆಹೆಜ್ಜೆಗೂ ಕಿಲೋಗಳು ವಾಪಸು ಬರುತ್ತಿದ್ದವು.

ಹನ್ನೊಂದನೇ ದಿನ, ತಿಥಿಯ ಊಟಕ್ಕೆ ಮುಂಚೆ ಶಂಕ್ರಮ್ಮನ ಮುಂದೆ ಹೋಗಿ ನಿಂತೆ. ಏನು ಹೇಳಬೇಕೆಂದು ಎರಡು ಹಾಳೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಒಂದು ಸಾಲೂ ನೆನಪಿಗೆ ಬರಲಿಲ್ಲ.

"ತಾಯಿ, ಆ ತಕ್ಕಡೀಲಿ ನಾನು..."

"ಕಾಲಿಟ್ಟಿದ್ದು ತಾನೇ ಅಣ್ಣ?" ಅಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರಿಗೆ ಗೊತ್ತಿತ್ತು."

"ಯಾವಾಗ?"

"ನೀವು ಕಾಲಿಟ್ಟ ಮೊದ್ಲ ದಿನಾನೇ. ಮೂವತ್ತು ವರ್ಸ ರೇಸ್ಮೆ ತೂಗ್ಸಿರೋರಿಗೆ ಕೂತಿದ್ದ ಅಲ್ಗೆ ಮೇಲಕ್ಕೆದ್ದಿದ್ದು ಗೊತ್ತಾಗಕಿಲ್ವಾ? ಮನೇಗೆ ಬಂದು ನಗಾಡಿದ್ರು. ನಿಮ್ಗೆ ಏಳ್ಬುಡಿ ಅಂದೆ. 'ಪುಟ್ಸಾಮಿ ಎಷ್ಟ್ ಸಂತೋಸ್ವಾಗಿ ಚಪ್ಪಾಳೆ ತಟ್ತಾನೆ ಗೊತ್ತಾ? ಏಳ್ಬುಟ್ರೆ ನಾಚ್ಕಂಡು ಭಾನ್ವಾರ ಮಂಡಿಗೇ ಬರಕಿಲ್ಲ. ಅವನ್ ಜೊತೆ ನಡ್ಕಂಡೋಗದೊಂದು ತಪ್ಪೋಯ್ತದೆ' ಅಂದ್ರು."

"ಮತ್ತೆ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ತಾಯಿ?"

ಶಂಕ್ರಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಅಲ್ಲಿ ಬ್ಯಾರೆ ತಕ್ಕಡಿ ಅಲ್ವಾ ಅಣ್ಣ. ಎದ್ರಿಕೆ."

ಪಂಕ್ತಿಯಲ್ಲಿ ಕೂತೆ. ಎಲೆ ಹಾಸಿದರು, ಬಡಿಸಿದರು. ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟೆ. ಅಷ್ಟೇ, ಕಣ್ಣು, ಮೂಗು ಎಲ್ಲ ಒಟ್ಟಿಗೆ ಸುರಿಯತೊಡಗಿತು. ಬಡಿಸುತ್ತಿದ್ದವನು ಸಾರಿನ ಬಕೆಟ್ಟು ಹಿಡಿದು ನನ್ನ ಮುಂದೆ ನಿಂತ.

"ಯಾಕ್ ಸಾ, ಖಾರ ಆಯ್ತಾ?"

"ಹೂಂ ಕಣಪ್ಪ, ಖಾರ," ಅಂದೆ. ಅಲ್ಲೂ ಒಂದು ಸುಳ್ಳು!

ಪಾಪ, ಒಳಗೆ ಓಡಿಹೋಗಿ ಮೊಸರು ತಂದು, ಎಲೆ ತುಂಬಾ ಸುರಿದ. ತಿಂದೆ. ಇನ್ನೊಂದು ಸೌಟು ಹಾಕಿದ. ಬೇಡ ಎನ್ನಲು ಬಾಯಿ ಬರಲಿಲ್ಲ. ಅದನ್ನೂ ತಿಂದೆ.